ಸಣ್ಣ ಸಾಮಿಲ್ಲು ಕೊಳ್ಳುವ ಮುಂಚೆ ದಿಮ್ಮಿಗೆ ಟೇಪು ಹಿಡಿಯಿರಿ

ಗಾಳಿಗೆ ಬಿದ್ದ ಮರವೊಂದು ತೋಟದಲ್ಲಿ ಮಲಗಿದೆ. ಒಳ್ಳೆಯ ಗಾತ್ರ, ನೇರ ಕಾಂಡ. ಸೌದೆ ಮಾಡಿಬಿಟ್ಟರೆ ಕೆಲವೇ ತಿಂಗಳಲ್ಲಿ ಬೂದಿ. ಸಾಮಿಲ್ಲಿಗೆ ಒಯ್ಯಬೇಕೆಂದರೆ ಲಾರಿ ಬೇಕು, ಆಳು ಬೇಕು, ಎತ್ತುವ ಯಂತ್ರ ಬೇಕು. ಒಂದೆರಡು ದಿಮ್ಮಿಗೆ ಅಷ್ಟೊಂದು ಓಡಾಟ ಯಾರಿಗೂ ಗಿಟ್ಟುವುದಿಲ್ಲ. ಮರ ಮಿಲ್ಲಿಗೆ ಹೋಗುವ ಬದಲು ಮಿಲ್ಲೇ ಮರದ ಹತ್ತಿರ ಬಂದರೆ ಎಷ್ಟು ಚೆನ್ನ ಅಂತ ಅನಿಸುವುದು ಆಗಲೇ.

ಹಾಗೆ ಬರುವ ಮಿಲ್ಲುಗಳು ಇವೆ. ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವಂಥವು ಇವೆ. ಬಿಡಿಬಿಡಿಯಾಗಿ ಕಳಚಿ, ಹೊತ್ತೊಯ್ದು, ಅಲ್ಲೇ ಜೋಡಿಸುವಂಥವು ಇವೆ. ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ಹೋಗುವಷ್ಟು ಚಿಕ್ಕವೂ ಇವೆ. ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಒಂದೇ: ಎಂಜಿನ್ ಎಷ್ಟು ಎಚ್‌ಪಿ? ನನ್ನ ಪ್ರಕಾರ ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ನಿಮ್ಮ ದಿಮ್ಮಿ ಎಷ್ಟು ದಪ್ಪ, ಎಷ್ಟು ಉದ್ದ, ಅದನ್ನು ಯಾರು ಹೇಗೆ ಹೊರಳಿಸುತ್ತಾರೆ? ಇದಕ್ಕೆ ಉತ್ತರ ಸಿಕ್ಕಿದರೆ ಯಂತ್ರದ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ತೂಕದ ಲೆಕ್ಕ

50 ಸೆಂ.ಮೀ. ದಪ್ಪ, 3 ಮೀಟರ್ ಉದ್ದದ ಒಂದು ದಿಮ್ಮಿ ತೆಗೆದುಕೊಳ್ಳಿ. ನೋಡಲು ಅಂಥ ದೊಡ್ಡದೇನಲ್ಲ. ಅದರ ಗಾತ್ರ ಸುಮಾರು 0.59 ಘನ ಮೀಟರ್, ಅಂದರೆ 21 ಘನ ಅಡಿ ಹತ್ತಿರ. ಹಸಿ ಮರ ಬಹಳ ಸಲ ನೀರಿನಷ್ಟೇ ತೂಗುತ್ತದೆ. ಜಾತಿ ನೋಡಿಕೊಂಡು ಘನ ಮೀಟರಿಗೆ 800ರಿಂದ 1,100 ಕೆ.ಜಿ. ಅಂತ ಇಟ್ಟುಕೊಳ್ಳಬಹುದು. ಹಾಗಾದರೆ ಈ ಸಾಧಾರಣ ದಿಮ್ಮಿಯ ತೂಕ 470ರಿಂದ 650 ಕೆ.ಜಿ. ಇಬ್ಬರು ಗಟ್ಟಿ ಆಳುಗಳು ಸೇರಿದರೂ ಬರಿಗೈಯಲ್ಲಿ ಎತ್ತುವಂಥದ್ದಲ್ಲ.

ಇನ್ನೊಂದು ಮಾತು. ದಪ್ಪ ಎರಡರಷ್ಟಾದರೆ ತೂಕ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಒಂದು ಮೀಟರ್ ದಪ್ಪದ ಅದೇ ಉದ್ದದ ದಿಮ್ಮಿ 1.9ರಿಂದ 2.6 ಟನ್ ತೂಗುತ್ತದೆ. ದೊಡ್ಡ ದಿಮ್ಮಿ ಕೊಯ್ಯುವ ಮಿಲ್ಲು ಕೊಳ್ಳುವುದು ಸುಲಭ. ಆ ದಿಮ್ಮಿಯನ್ನು ಮಿಲ್ಲಿನ ಮೇಲೆ ಕೂರಿಸುವುದು ಕಷ್ಟ.

ಒಂದು ದಿನ ಕೆಲಸ ಮಾಡಿ ಗಡಿಯಾರ ನೋಡಿದವರಿಗೆ ಇದು ಗೊತ್ತು. ಬ್ಲೇಡು ಮರದೊಳಗೆ ಓಡುವ ಹೊತ್ತು ಕಮ್ಮಿ. ದಿಮ್ಮಿ ತರುವುದು, ಉರುಳಿಸುವುದು, ಮಗ್ಗಲು ಬದಲಿಸುವುದು, ಬಿಗಿಯುವುದು, ಕೊಯ್ದ ಹಲಗೆ ಎತ್ತಿಡುವುದು, ಹೊಟ್ಟು ಬಳಿಯುವುದು, ಇವಕ್ಕೇ ಹೊತ್ತು ಜಾಸ್ತಿ. ಹಾಗಾಗಿ ಕೈಯಲ್ಲಿರುವ ದುಡ್ಡಿನಲ್ಲಿ ಎರಡು ಎಚ್‌ಪಿ ಜಾಸ್ತಿ ಇರುವ ಎಂಜಿನ್ ತೆಗೆದುಕೊಳ್ಳಲೋ, ಒಂದು ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಸಾಧನ) ಮತ್ತು ಇಳಿಜಾರು ಹಳಿ ತೆಗೆದುಕೊಳ್ಳಲೋ ಅಂತ ಯಾರಾದರೂ ಕೇಳಿದರೆ, ನಾನು ವಿಂಚ್ ಅನ್ನುತ್ತೇನೆ. ಕೊಕ್ಕೆ ಇರುವ ಉದ್ದ ಹಿಡಿಯ ಸನ್ನೆಗೋಲು ಅಂತೂ ಬೇಕೇ ಬೇಕು. ಕೊಕ್ಕೆ ತೊಗಟೆಗೆ ಕಚ್ಚಿ ಹಿಡಿಯುತ್ತದೆ, ಹಿಡಿಯನ್ನು ನಿಧಾನಕ್ಕೆ ಎಳೆದರೆ ಅರ್ಧ ಟನ್ನಿನ ದಿಮ್ಮಿ ಮಗ್ಗಲು ಹೊರಳುತ್ತದೆ. ಬರೀ ಹಾರೆ ಹಿಡಿದು ಮಾಡುವವರೂ ಇದ್ದಾರೆ. ಹಾರೆ ಜಾರುತ್ತದೆ, ಸನ್ನೆಗೋಲಿನ ಕೊಕ್ಕೆ ಅಷ್ಟು ಸುಲಭಕ್ಕೆ ಜಾರುವುದಿಲ್ಲ.

ಈಗ ತೋಟಕ್ಕೆ ಹೋಗಿ. ಮುಂದಿನ ಐದಾರು ವರ್ಷದಲ್ಲಿ ಕೊಯ್ಯಬಹುದಾದ ಮರಗಳ ಸುತ್ತಳತೆ ತೆಗೆಯಿರಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಎಲ್ಲವನ್ನೂ ಬರೆದಿಡಿ. ಹತ್ತರಲ್ಲಿ ಎಂಟು ಮರ 45 ಸೆಂ.ಮೀ. ಒಳಗೇ ಇದ್ದರೆ, ಉಳಿದ ಎರಡು ದೈತ್ಯ ಮರಗಳ ಸಲುವಾಗಿ ದೊಡ್ಡ ಯಂತ್ರ ಕೊಳ್ಳುವುದು ನಷ್ಟ. ಆ ಎರಡನ್ನು ಚೈನ್ ಸಾದಿಂದ, ಅಂದರೆ ಕೈಯಲ್ಲಿ ಹಿಡಿಯುವ ಸರಪಳಿ ಗರಗಸದಿಂದ, ಉದ್ದಕ್ಕೆ ಸೀಳಿ ಎರಡು ಹೋಳೋ ನಾಲ್ಕು ಹೋಳೋ ಮಾಡಿ ಸಣ್ಣ ಮಿಲ್ಲಿಗೆ ಏರಿಸಬಹುದು.

ಮೂರು ಬಗೆಯ ಮಿಲ್ಲು

ಎಲ್ಲಕ್ಕಿಂತ ಸರಳವಾದದ್ದು ಚೈನ್ ಸಾ ಮಿಲ್ಲು. ನಿಮ್ಮ ಚೈನ್ ಸಾದ ಬಾರ್‌ಗೆ, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಗೆ, ಒಂದು ಲೋಹದ ಚೌಕಟ್ಟು ಬಿಗಿಯುತ್ತೀರಿ. ಚೌಕಟ್ಟು ಮೇಲೆ ಜಾರುತ್ತಾ ಹೋದ ಹಾಗೆ ಬಾರ್ ಕೆಳಗೆ ಅಷ್ಟೇ ಆಳದಲ್ಲಿ ಮರ ಕೊಯ್ಯುತ್ತದೆ. ಮೊದಲ ಕೊಯ್ತಕ್ಕೆ ಮರದ ಮೇಲೆ ಸಮತಟ್ಟು ಜಾಗ ಇರುವುದಿಲ್ಲವಲ್ಲ, ಅದಕ್ಕೆ ಒಂದು ನೇರ ಹಲಗೆಯನ್ನೋ ಅಲ್ಯೂಮಿನಿಯಂ ಏಣಿಯನ್ನೋ ಮೇಲೆ ಕಟ್ಟುತ್ತಾರೆ. ಆಮೇಲೆ ಹಿಂದಿನ ಕೊಯ್ತವೇ ಮುಂದಿನದಕ್ಕೆ ದಾರಿ. ದಿಮ್ಮಿಯನ್ನು ಅಲುಗಾಡಿಸುವ ಕೆಲಸವೇ ಇಲ್ಲ, ಬಿದ್ದಲ್ಲೇ ಕೊಯ್ಯಬಹುದು. ದಾರಿ ಇಲ್ಲದ ಕಣಿವೆಯಲ್ಲಿ ಬಿದ್ದ ಮರಕ್ಕೆ, ಅಗಲವಾದ ಮೇಜಿನ ಹಲಗೆಗೆ ಇದು ಬಹಳ ಒಳ್ಳೆಯದು.

ಆದರೆ ಇದು ಮೈ ಮುರಿಯುವ ಕೆಲಸ. ಕನಿಷ್ಠ 70 ಸಿಸಿ ಎಂಜಿನ್ ಬೇಕು, ಅಗಲದ ಮರಕ್ಕೆ 90 ಸಿಸಿ ಇದ್ದರೆ ಮೇಲು. ಸಾಮಾನ್ಯ ಚೈನಿನ ಹಲ್ಲನ್ನು ಮರವನ್ನು ಅಡ್ಡ ಕೊಯ್ಯಲು 30 ಡಿಗ್ರಿ ಆಸುಪಾಸಿನಲ್ಲಿ ಮಸೆದಿರುತ್ತಾರೆ. ಉದ್ದಕ್ಕೆ ಸೀಳಲು 10 ಡಿಗ್ರಿ ಆಸುಪಾಸಿನಲ್ಲಿ ಮಸೆದ ಬೇರೆ ಚೈನ್ ಬೇಕು. ಅದನ್ನು ರಿಪ್ಪಿಂಗ್ ಚೈನ್ ಅನ್ನುತ್ತಾರೆ. ವರ್ಷಕ್ಕೆ ನಾಲ್ಕೈದು ದಿಮ್ಮಿ ಕೊಯ್ಯುವವರಿಗೆ ಇದೇ ಸಾಕು. ಕೊಟ್ಟಿಗೆ ಕಟ್ಟುವಷ್ಟು ಮರ ಬೇಕು ಅನ್ನುವವರಿಗೆ ಸಾಲದು.

ಎರಡನೆಯದು ಬ್ಯಾಂಡ್ ಸಾ ಮಿಲ್ಲು. ಎರಡು ಚಕ್ರಗಳ ಮೇಲೆ ತೆಳುವಾದ ಉಕ್ಕಿನ ಪಟ್ಟಿ ಸುತ್ತುತ್ತದೆ, ಪಟ್ಟಿಯ ಒಂದು ಅಂಚಿಗೆ ಹಲ್ಲು. ದಿಮ್ಮಿ ಹಳಿಯ ನಡುವೆ ಅಲುಗಾಡದೆ ಮಲಗಿರುತ್ತದೆ, ಎಂಜಿನ್ ಇರುವ ತಲೆಭಾಗ ಹಳಿಯ ಮೇಲೆ ಉರುಳುತ್ತಾ ಮರವನ್ನು ಉದ್ದಕ್ಕೆ ಸೀಳುತ್ತಾ ಹೋಗುತ್ತದೆ. ಇವತ್ತು ತೋಟದ ಮನೆಗಳಿಗೆ ಜಾಸ್ತಿ ಹೋಗುವುದು ಇದೇ. 1982ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದ ವುಡ್‌ಮೈಜರ್ ಈ ಬಗೆಯ ಮಿಲ್ಲುಗಳಿಂದಲೇ ಹೆಸರು ಮಾಡಿದ ಕಂಪನಿ. ಈಗ ಇಂಥವನ್ನು ಮಾಡುವವರು ಬಹಳ ಮಂದಿ ಇದ್ದಾರೆ.

ಮೂರನೆಯದು ಸ್ವಿಂಗ್ ಬ್ಲೇಡ್. ಇದರಲ್ಲಿ ದುಂಡನೆಯ ಗರಗಸವಿದೆ. ಮಲಗಿದ್ದ ಬ್ಲೇಡನ್ನು ಒಂದು ಹಿಡಿ ತಿರುಗಿಸಿದರೆ ನೆಟ್ಟಗೆ ನಿಲ್ಲುತ್ತದೆ. ಒಂದು ಸಲ ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದು ಸಲ ಮಲಗಿಸಿ ದಿಮ್ಮಿಯ ಉದ್ದಕ್ಕೆ ಕೊಯ್ದರೆ ಚೌಕಾಕಾರದ ತುಂಡು ಬಿಡಿಸಿಕೊಂಡು ಬರುತ್ತದೆ. ಇದರ ದೊಡ್ಡ ಗುಣ ಅಂದರೆ ದಿಮ್ಮಿಯನ್ನು ಎತ್ತುವ, ಹೊರಳಿಸುವ ಗೋಜೇ ಇಲ್ಲ. ದಿಮ್ಮಿಯ ಸುತ್ತ ಚೌಕಟ್ಟು ನಿಲ್ಲಿಸಿದರೆ ಆಯಿತು. ಎರಡು ಟನ್ನಿನ ಮರವೇ ನಿಮ್ಮಲ್ಲಿ ಜಾಸ್ತಿ ಇದ್ದರೆ, ಎಳೆಯಲು ಟ್ರ್ಯಾಕ್ಟರ್ ಇಲ್ಲದಿದ್ದರೆ, ಇದನ್ನು ಗಂಭೀರವಾಗಿ ಯೋಚಿಸಿ. ತೊಲೆ, ಪಕಾಸು, ರೀಪು ತೆಗೆಯಲು ಬಹಳ ಚುರುಕು. ಬ್ಲೇಡಿನ ಹಲ್ಲಿನ ತುದಿಗೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಇರುವುದರಿಂದ ಮಣ್ಣು ಮೆತ್ತಿದ ಮರಕ್ಕೂ ತಡೆಯುತ್ತದೆ. ಕೊರತೆ ಎಂದರೆ ಅಗಲ. ಸಣ್ಣ ಯಂತ್ರಗಳಲ್ಲಿ ಒಂದು ಸಲಕ್ಕೆ 15ರಿಂದ 20 ಸೆಂ.ಮೀ. ಅಷ್ಟೇ.

ಪುಡಿಯಾಗಿ ಹೋಗುವ ಮರ

ಗರಗಸ ಯಾವುದೇ ಇರಲಿ, ತಾನು ಓಡಿದ ದಾರಿಯಲ್ಲಿದ್ದ ಮರವನ್ನು ಪುಡಿ ಮಾಡಿ ಉದುರಿಸುತ್ತದೆ. ಆ ದಾರಿಯ ಅಗಲಕ್ಕೆ ಕರ್ಫ್ ಅನ್ನುತ್ತಾರೆ. ಬ್ಯಾಂಡ್ ಸಾದಲ್ಲಿ ಇದು ಸುಮಾರು 2 ಮಿ.ಮೀ. ಸ್ವಿಂಗ್ ಬ್ಲೇಡಿನಲ್ಲಿ 5–6 ಮಿ.ಮೀ. ಚೈನ್ ಸಾದಲ್ಲಿ 9 ಮಿ.ಮೀ. ತನಕ ಹೋಗುತ್ತದೆ.

ಇಷ್ಟರಲ್ಲಿ ಏನಾಗುತ್ತದೆ ಅಂತ ಅನಿಸಬಹುದು. ಒಂದು ಚೌಕ ಮಾಡಿದ ದಿಮ್ಮಿ 300 ಮಿ.ಮೀ. ಎತ್ತರ ಇದೆ, ಅದರಿಂದ 25 ಮಿ.ಮೀ. ಹಲಗೆ ಬೇಕು ಅಂದುಕೊಳ್ಳಿ. ಚೈನ್ ಸಾ ಹಾಕಿದರೆ 9 ಹಲಗೆ ಬರುತ್ತವೆ. ನಡುವಿನ ಎಂಟು ಕೊಯ್ತಕ್ಕೆ 72 ಮಿ.ಮೀ. ಮರ ಹೊಟ್ಟಾಗಿ ಹೋಯಿತು. ಅದೇ ಬ್ಯಾಂಡ್ ಸಾ ಹಾಕಿದರೆ 11 ಹಲಗೆ ಬರುತ್ತವೆ, ಹತ್ತು ಕೊಯ್ತಕ್ಕೆ ಹೋದದ್ದು 20 ಮಿ.ಮೀ. ಒಂದೇ ದಿಮ್ಮಿಯಲ್ಲಿ ಎರಡು ಹಲಗೆ ಜಾಸ್ತಿ. ನಲವತ್ತು ಐವತ್ತು ವರ್ಷ ನಿಂತು ಬೆಳೆದ ಮರ ಅದು, ಎರಡು ಹಲಗೆ ಸುಮ್ನೆ ಪುಡಿಯಾಗಿ ಹೋಗುವುದು ನೋಡಲು ನನಗಂತೂ ಸಂಕಟ. ಆದರೆ 75 ಮಿ.ಮೀ. ದಪ್ಪದ ತೊಲೆ ಮಾತ್ರ ಬೇಕು ಅನ್ನುವವರಿಗೆ ಕೊಯ್ತಗಳೇ ಕಮ್ಮಿ. ಅವರು ಕರ್ಫ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೊಸಬರು ಎಡವುವುದೂ ಈ ಕರ್ಫ್ ಲೆಕ್ಕದಲ್ಲೇ. 25 ಮಿ.ಮೀ. ಹಲಗೆ ಬೇಕೆಂದು ತಲೆಭಾಗವನ್ನು 25 ಮಿ.ಮೀ. ಇಳಿಸುತ್ತಾರೆ. ಹಲಗೆ ಬರುವುದು 23. ಇಳಿಸಬೇಕಾದದ್ದು 27. ಹಸಿ ಮರ ಒಣಗಿದಾಗ ಕುಗ್ಗುತ್ತದೆ, ಆಮೇಲೆ ಬಡಗಿ ಹತ್ತರಿ ಹಾಕಿದಾಗ ಇನ್ನಷ್ಟು ಹೋಗುತ್ತದೆ. ಕೊನೆಗೆ 25 ಮಿ.ಮೀ. ಉಳಿಯಬೇಕೆಂದರೆ ಹಸಿಯಲ್ಲಿ 29–30 ಇರಲಿ.

ಬ್ಯಾಂಡ್ ಸಾ ಆರಿಸುವಾಗ ಏನು ನೋಡಬೇಕು

ಬಹಳ ಮಂದಿ ಕೊನೆಗೆ ಬಂದು ನಿಲ್ಲುವುದು ಬ್ಯಾಂಡ್ ಸಾ ಹತ್ತಿರವೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಯಂತ್ರದ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಗರಿಷ್ಠ ದಿಮ್ಮಿಯ ದಪ್ಪ. ಅಷ್ಟು ದಪ್ಪದ ಮರ ಚೌಕಟ್ಟಿನೊಳಗೆ ಹೇಗೋ ತೂರುತ್ತದೆ ಅಂತ ಅರ್ಥ, ಅಷ್ಟು ಅಗಲದ ಹಲಗೆ ಬರುತ್ತದೆ ಅಂತಲ್ಲ. ಹಲಗೆಯ ಅಗಲ ಬೇರೆ ಸಾಲಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ಕಮ್ಮಿಯೇ ಇರುತ್ತದೆ. ಅದನ್ನೇ ನೋಡಿ. ಮರದ ಬುಡ ತುದಿಗಿಂತ ದಪ್ಪ, ಬೇರಿನ ಹತ್ತಿರ ಇನ್ನೂ ಉಬ್ಬಿರುತ್ತದೆ. ಅಳತೆ ತೆಗೆಯುವಾಗ ದಪ್ಪದ ತುದಿಯನ್ನೇ ಅಳೆಯಿರಿ.

ಉದ್ದದ ವಿಷಯ ಸುಲಭ. ನೀವು ಕಟ್ಟಬೇಕೆಂದಿರುವ ಕೊಟ್ಟಿಗೆ ಅಥವಾ ಮಾಡಿಗೆ ಎಲ್ಲಕ್ಕಿಂತ ಉದ್ದದ ತೊಲೆ ಎಷ್ಟು? ಅದಕ್ಕೆ ಇನ್ನೊಂದು ಅಡಿ ಸೇರಿಸಿ. ಹಳಿಯನ್ನು ಆಮೇಲೆ ಜೋಡಿಸಿ ಉದ್ದ ಮಾಡಲು ಬರುತ್ತದೆಯೇ ಎಂದು ಕೇಳಿಕೊಳ್ಳಿ.

ಎಂಜಿನ್: ಮೆತ್ತನೆ ಮರ, ಕಮ್ಮಿ ಅಗಲ, ಅವಸರ ಇಲ್ಲ ಅಂದರೆ 7ರಿಂದ 9 ಎಚ್‌ಪಿ ಸಾಕು. ಗಟ್ಟಿ ಮರ, ಎರಡು ಅಡಿ ಹತ್ತಿರದ ಅಗಲ ಅಂದರೆ 14ರಿಂದ ಮೇಲಕ್ಕೆ. ಶಕ್ತಿ ಕಮ್ಮಿ ಇದ್ದರೆ ಕೊಯ್ತ ನಿಧಾನವಾಗುತ್ತದೆ, ಕೆಡುವುದಿಲ್ಲ. ಮಿಲ್ಲು ಒಂದೇ ಜಾಗದಲ್ಲಿ ಇರುತ್ತದೆ, ಅಲ್ಲಿ ಮೂರು ಫೇಸ್ ಕರೆಂಟ್ ಇದೆ ಅಂದರೆ ಮೋಟರ್ ಒಳ್ಳೆಯದು. ಸದ್ದು ಕಮ್ಮಿ, ಹೊಗೆ ಇಲ್ಲ, ಕಾರ್ಬುರೇಟರ್ ತೊಂದರೆ ಇಲ್ಲ.

ಚಕ್ರ ಚಿಕ್ಕದಾದಷ್ಟೂ ಬ್ಲೇಡು ಪ್ರತಿ ಸುತ್ತಿಗೂ ಜಾಸ್ತಿ ಬಾಗಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕತೆ. ಹಲ್ಲು ಇನ್ನೂ ಚೆನ್ನಾಗಿರುವಾಗಲೇ ಬ್ಲೇಡು ದಣಿದು ಬಿರುಕು ಬಿಡುತ್ತದೆ. ಎರಡು ಯಂತ್ರ ಬೇರೆಲ್ಲದರಲ್ಲಿ ಸಮ ಇದ್ದರೆ ದೊಡ್ಡ ಚಕ್ರದ್ದನ್ನು ಆರಿಸಿ.

ಬ್ಲೇಡಿನ ಉದ್ದ ಎಲ್ಲ ಕಡೆ ಸಿಗುವ ಅಳತೆಯದೇ ಆಗಿರಲಿ. ಬೇರಿಂಗು, ಬೆಲ್ಟು ಮಾಮೂಲಿ ನಂಬರಿನವೇ ಆಗಿರಲಿ. ಒಂದೇ ಕಂಪನಿ ಮಾಡುವ ವಿಚಿತ್ರ ಅಳತೆಯ ಬೇರಿಂಗ್ ಹೋದರೆ ಕೊಯ್ತದ ಹಂಗಾಮಿನಲ್ಲಿ ಮಿಲ್ಲು ಮೂರು ವಾರ ಸುಮ್ನೆ ನಿಲ್ಲುತ್ತದೆ. ಇದು ಬಹಳ ಮುಖ್ಯ. ಯಂತ್ರ ನೋಡಲು ಹೋದಾಗ ನೀವೇ ಒಂದು ಬೇರಿಂಗಿನ ನಂಬರ್ ಓದಿ ಬರೆದುಕೊಂಡು ಬನ್ನಿ, ಹತ್ತಿರದಲ್ಲಿ ಸಿಗುತ್ತದಾ ಎಂದು ವಿಚಾರಿಸಿ.

ಕೊನೆಯದಾಗಿ ಬಿಗಿತ. ತಲೆಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಎರಡು ಕಂಬದ ಮೇಲೆ ನಿಂತಿರಲಿ, ನಾಲ್ಕರ ಮೇಲೆ ನಿಂತಿರಲಿ, ಅದು ತೂಗಾಡಿದರೆ ಹಲಗೆಯ ದಪ್ಪವೂ ತೂಗಾಡುತ್ತದೆ.

ಬ್ಲೇಡೇ ಎಲ್ಲ

ನನ್ನನ್ನು ಕೇಳಿದರೆ ಬ್ಯಾಂಡ್ ಮಿಲ್ಲಿನ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಒಂದು ಮಿ.ಮೀ. ದಪ್ಪದ ಆ ಪಟ್ಟಿಯಲ್ಲಿ. ಸಣ್ಣ ಮಿಲ್ಲುಗಳಿಗೆ ಸಾಮಾನ್ಯವಾಗಿ 32 ಮಿ.ಮೀ. ಅಗಲದ ಬ್ಲೇಡು, ಹಲ್ಲಿನಿಂದ ಹಲ್ಲಿಗೆ 22 ಮಿ.ಮೀ. ಹಲ್ಲು ಮುಂದಕ್ಕೆ ಎಷ್ಟು ಬಾಗಿದೆ ಎಂಬುದಕ್ಕೆ ಹುಕ್ ಕೋನ ಅನ್ನುತ್ತಾರೆ. ಮಾಮೂಲಿ ಮರಕ್ಕೆ 10 ಡಿಗ್ರಿ. ಗಟ್ಟಿ ಮರಕ್ಕೆ, ಕಮ್ಮಿ ಶಕ್ತಿಯ ಎಂಜಿನ್ನಿಗೆ 7 ಅಥವಾ 4. ಬಾಗು ಜಾಸ್ತಿ ಇದ್ದಷ್ಟೂ ಹಲ್ಲು ಆಸೆಯಿಂದ ಕಚ್ಚುತ್ತದೆ, ಎಂಜಿನ್ನಿಗೆ ಭಾರ ಬೀಳುತ್ತದೆ.

ಒಂದು ಹರಿತ ಬ್ಲೇಡು ಒಂದೂವರೆ, ಎರಡು ಗಂಟೆ ಚೆನ್ನಾಗಿ ಕೊಯ್ಯುತ್ತದೆ. ಮರಕ್ಕೆ ಮಣ್ಣು ಮೆತ್ತಿದ್ದರೆ ಹತ್ತು ನಿಮಿಷಕ್ಕೇ ಮೊಂಡು. ಮರಳಿನ ಕಾಳು ಹಲ್ಲಿನ ತುದಿಯನ್ನು ತಿಂದುಬಿಡುತ್ತದೆ. ದಿಮ್ಮಿಯನ್ನು ನೆಲದ ಮೇಲೆ ಎಳೆದು ತಂದಿದ್ದರೆ ನೀರು ಹಾಕಿ ಉಜ್ಜಿ, ಇಲ್ಲವೇ ಬ್ಲೇಡು ಒಳಗೆ ಹೋಗುವ ಸಾಲಿನಲ್ಲಾದರೂ ತೊಗಟೆ ಕೆತ್ತಿ ತೆಗೆಯಿರಿ. ತೇಗದಂಥ ಮರದಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ, ಒಳಗೇ ಇರುತ್ತದೆ, ಎಷ್ಟು ತೊಳೆದರೂ ಹಲ್ಲು ಬೇಗ ಸವೆಯುತ್ತದೆ. ಹತ್ತು ಬ್ಲೇಡು ಒಟ್ಟಿಗೆ ಇಟ್ಟುಕೊಳ್ಳಿ. ಮೊಂಡಾದದ್ದನ್ನು ಬದಲಿಸಲು ಐದು ನಿಮಿಷ. ಮೊಂಡು ಬ್ಲೇಡಿನಲ್ಲೇ ಇನ್ನೊಂದು ಹಲಗೆ ತೆಗೆಯೋಣ ಅಂದರೆ ಒಂದು ಹಲಗೆ ಹಾಳು, ಬ್ಲೇಡೂ ಹಾಳು.

ಅಲೆ ಬಿದ್ದ ಹಲಗೆ ನೋಡಿದ್ದೀರಾ? ಮೊದಲ ಸಲ ಹಾಗಾದಾಗ ಯಂತ್ರವೇ ಸರಿ ಇಲ್ಲ ಅನಿಸುತ್ತದೆ. ತಲೆಭಾಗ ಸಲೀಸಾಗಿ ಮುಂದೆ ಹೋಗುತ್ತಿರುತ್ತದೆ. ಒಂದು ಗಂಟಿನ ಹತ್ತಿರ ಬಂದಾಗ ಸದ್ದು ಇದ್ದಕ್ಕಿದ್ದಂತೆ ಇಳಿಯುತ್ತದೆ, ಎಂಜಿನ್ ಗೊಣಗುತ್ತದೆ. ಮೇಲಿನ ಹಲಗೆ ಎತ್ತಿದರೆ ಗಂಟಿನ ಜಾಗದಲ್ಲಿ ದಿಮ್ಮಿ ಉಬ್ಬಿಕೊಂಡಿದೆ, ಹಲಗೆ ಅಲ್ಲೇ ತೆಳುವಾಗಿದೆ. ಬ್ಲೇಡು ಗಂಟನ್ನು ಕೊಯ್ಯಲಾರದೆ ಅದರ ಮೇಲೆ ಹತ್ತಿ ಇಳಿದಿದೆ. ಕಾರಣಗಳನ್ನು ಈ ಸಾಲಿನಲ್ಲಿ ಹುಡುಕಿ: ಮೊದಲು ಬ್ಲೇಡು ಮೊಂಡೋ ನೋಡಿ, ಆಮೇಲೆ ಬಿಗಿ ಕಮ್ಮಿಯಾಗಿದೆಯೋ ನೋಡಿ, ಆಮೇಲೆ ಬ್ಲೇಡನ್ನು ಹಿಡಿದಿರುವ ಗೈಡ್ ರೋಲರ್ ದಿಮ್ಮಿಯಿಂದ ದೂರ ಇದೆಯೋ ನೋಡಿ. ಗೈಡ್ ದಿಮ್ಮಿಗೆ ಹತ್ತಿರ ಇದ್ದಷ್ಟೂ ಬ್ಲೇಡು ನೆಟ್ಟಗೆ ಓಡುತ್ತದೆ. ಬಹಳ ಸಲ ಮೊದಲನೆಯ ಕಾರಣಕ್ಕೇ ಉತ್ತರ ಸಿಕ್ಕಿಬಿಡುತ್ತದೆ. ಗಂಟಿನಲ್ಲಿ ತಳ್ಳುವ ವೇಗ ಕಮ್ಮಿ ಮಾಡಿ, ಅಷ್ಟೇ.

ಬ್ಲೇಡಿನ ಮೇಲೆ ಹನಿಹನಿಯಾಗಿ ನೀರು ಬೀಳುತ್ತಿರಬೇಕು, ಅದಕ್ಕೆ ಒಂದಿಷ್ಟು ಸೋಪಿನ ನೀರು ಬೆರೆಸಿದರೆ ಅಂಟು ಹಿಡಿಯುವುದಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸಿ. ಹಾಗೇ ಬಿಟ್ಟರೆ ಬ್ಲೇಡೂ ದಣಿಯುತ್ತದೆ, ಚಕ್ರದ ಮೇಲಿನ ರಬ್ಬರೂ ಒಂದೇ ಕಡೆ ಅದುಮಿ ಚಪ್ಪಟೆಯಾಗುತ್ತದೆ.

ಮರದೊಳಗೆ ಮೊಳೆ ಇದ್ದರೆ? ನನ್ನ ಒಂದು ಹೊಸ ಬ್ಲೇಡು ಹಾಗೇ ಹೋಯಿತು. ಯಾರೋ ಯಾವತ್ತೋ ಬೇಲಿ ತಂತಿ ಬಿಗಿಯಲು ಹೊಡೆದ ಮೊಳೆ, ಮರ ಅದನ್ನು ಪೂರ್ತಿ ನುಂಗಿತ್ತು, ಹೊರಗೆ ಒಂದು ಗುರುತೂ ಇರಲಿಲ್ಲ. ಆದರೆ ದಿಮ್ಮಿಯ ತುದಿಯಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ ಇತ್ತು. ನಾನು ಗಮನಿಸಲಿಲ್ಲ. ಕಬ್ಬಿಣ ಮರದೊಳಗಿನ ಟ್ಯಾನಿನ್ ಎಂಬ ಒಗರಿನ ಅಂಶದ ಜೊತೆ ಸೇರಿದಾಗ ಆ ಬಣ್ಣ ಬರುತ್ತದೆ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ, ಹಾಗಾಗಿ ಹೊಡೆದ ಮೊಳೆ ಎಷ್ಟು ವರ್ಷವಾದರೂ ಅದೇ ಎತ್ತರದಲ್ಲಿ ಇರುತ್ತದೆ. ಬೇಲಿ ಸಾಲಿನ, ಅಂಗಳದ, ರಸ್ತೆ ಬದಿಯ ಮರವಾದರೆ ಕೆಳಗಿನ ಐದಾರು ಅಡಿಯಲ್ಲಿ ಜೋಪಾನ. ಕೈಯಲ್ಲಿ ಹಿಡಿಯುವ ಲೋಹ ಶೋಧಕ ಒಂದೇ ಸಲ ಮೊಳೆ ತೋರಿಸಿದರೂ ಅದಕ್ಕೆ ಹಾಕಿದ ದುಡ್ಡು ಹುಟ್ಟಿದಂತೆ.

ಮಟ್ಟ, ಆಮೇಲೆ ಮೊದಲ ದಿಮ್ಮಿ

ಹಳಿ ಸೊಟ್ಟಗಿದ್ದರೆ ಎಂಥ ಬ್ಲೇಡು ಹಾಕಿದರೂ ಹಲಗೆ ಸೊಟ್ಟವೇ. ಮಣ್ಣಿನ ಮೇಲೆ ಹಾಗೇ ಇಡಬೇಡಿ, ದಿಮ್ಮಿ ಬಿದ್ದ ಪೆಟ್ಟಿಗೆ ಒಂದು ಕಾಲು ಕುಸಿಯುತ್ತದೆ. ಗಟ್ಟಿ ಮಾಡಿದ ಜಲ್ಲಿಯ ಮೇಲೋ ಕಾಂಕ್ರೀಟಿನ ಮೇಲೋ ದಪ್ಪ ತೊಲೆ ಹಾಸಿ ಅದರ ಮೇಲೆ ಹಳಿ ಕೂರಿಸಿ. ಅಡ್ಡಕ್ಕೆ ರಸಮಟ್ಟ ಇಡಿ, ಉದ್ದಕ್ಕೆ ದಾರ ಎಳೆದು ನೋಡಿ. ದಿಮ್ಮಿ ಕೂರುವ ಅಡ್ಡ ಪಟ್ಟಿಗಳೆಲ್ಲ ಬ್ಲೇಡಿನಿಂದ ಒಂದೇ ದೂರದಲ್ಲಿ ಇರಬೇಕು. ಒಂದೊಂದು ಪಟ್ಟಿಯ ಮೇಲೂ ಬ್ಲೇಡು ತಂದು ನಿಲ್ಲಿಸಿ ಅಳೆದರೆ ತಿಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅಳೆಯಿರಿ.

ಮೊದಲ ದಿಮ್ಮಿ ಹತ್ತಿಸಿದ್ದೀರಿ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಸಣ್ಣ ತುದಿಯ ಕೆಳಗೆ ಬೆಣೆ ಕೊಟ್ಟು, ನಡುವಿನ ತಿರುಳು ಎರಡೂ ತುದಿಯಲ್ಲಿ ಒಂದೇ ಎತ್ತರಕ್ಕೆ ಬರುವ ಹಾಗೆ ಮಾಡಿ. ಮೇಲಿನ ತೊಗಟೆ ಚಕ್ಕೆ ತೆಗೆಯಿರಿ. ಆ ಚಕ್ಕೆ ಎತ್ತಿದಾಗ ಮೊದಲ ಸಲ ಮರದ ಒಳಗು ಕಾಣುತ್ತದೆ: ಹೊರಗೆ ಬಿಳಿ, ಒಳಗೆ ಬಣ್ಣದ ಚೇಗು, ಒದ್ದೆ ಹೊಳಪು, ಹಸಿ ವಾಸನೆ. ಎಷ್ಟು ದಿಮ್ಮಿ ಕೊಯ್ದರೂ ಆ ಗಳಿಗೆ ನನಗೆ ಹಳತಾಗಿಲ್ಲ. ಆಮೇಲೆ ಹೊರಳಿಸಿ ಇನ್ನೊಂದು ಮಗ್ಗಲು, ಹೀಗೆ ನಾಲ್ಕೂ ಕಡೆ ಚಕ್ಕೆ ತೆಗೆದು ಚೌಕ ಮಾಡಿ, ನಂತರ ಹಲಗೆ.

ಕೆಲವು ಮರ ಕೊಯ್ಯುತ್ತಿರುವಾಗಲೇ ಬಿಲ್ಲಿನಂತೆ ಬಾಗುತ್ತದೆ. ನೀಲಗಿರಿಯಲ್ಲಿ ಇದು ಜಾಸ್ತಿ. ನಿಂತಿದ್ದಾಗ ಕಾಂಡದೊಳಗೆ ಕಟ್ಟಿಕೊಂಡ ಬಿಗಿತ ಕೊಯ್ದಾಗ ಬಿಚ್ಚಿಕೊಳ್ಳುತ್ತದೆ. ಒಂದೇ ಕಡೆಯಿಂದ ಹಲಗೆ ತೆಗೆಯುತ್ತಾ ಹೋಗಬೇಡಿ. ಈ ಕಡೆ ಒಂದೆರಡು, ತಿರುಗಿಸಿ ಆ ಕಡೆ ಒಂದೆರಡು ತೆಗೆದರೆ ಬಿಗಿತ ಎರಡೂ ಕಡೆ ಸಮವಾಗಿ ಬಿಡುತ್ತದೆ. ನಡುವಿನ ತಿರುಳು ಇರುವ ಹಲಗೆ ಒಣಗುವಾಗ ಸೀಳುವುದು ಹೆಚ್ಚುಕಮ್ಮಿ ಖಂಡಿತ. ಅದನ್ನು ದಪ್ಪ ತೊಲೆಯೊಳಗೆ ಬಿಟ್ಟುಬಿಡಿ.

ಮೈಕೈ ಜೋಪಾನ

ಮಿಲ್ಲಿನಲ್ಲಿ ಎಲ್ಲರೂ ಬ್ಲೇಡಿಗೆ ಹೆದರುತ್ತಾರೆ. ಹೆದರಬೇಕು. ಆದರೆ ನನಗೆ ಅದಕ್ಕಿಂತ ಭಯ ಉರುಳುವ ದಿಮ್ಮಿಯದು. ದಿಮ್ಮಿಯ ಇಳಿಜಾರು ಕಡೆ ಯಾವತ್ತೂ ನಿಲ್ಲಬೇಡಿ, ಒಂದು ನಿಮಿಷಕ್ಕೂ ಬೇಡ. ಅರ್ಧ ಟನ್ ಒಮ್ಮೆ ಉರುಳಲು ಶುರುವಾದರೆ ಕೈಯಿಂದ ತಡೆಯಲು ಆಗುವುದಿಲ್ಲ. ಬ್ಯಾಂಡ್ ಬ್ಲೇಡು ಓಡುವ ಸಾಲಿನಲ್ಲಿ, ಅಂದರೆ ಚಕ್ರಗಳ ಆಚೀಚೆ ತುದಿಯಲ್ಲಿ ಯಾರೂ ಇರಬಾರದು. ತುಂಡಾದ ಬ್ಲೇಡು ಆ ದಿಕ್ಕಿಗೇ ಚಿಮ್ಮುತ್ತದೆ. ಸುರುಳಿ ಸುತ್ತಿದ ಹೊಸ ಬ್ಲೇಡು ಬಿಚ್ಚುವಾಗ ಕೈಗವಸು, ಕನ್ನಡಕ ಹಾಕಿ, ಮೈಯಿಂದ ದೂರ ಹಿಡಿದು ಬಿಡಿ.

ಕಿವಿಗೆ ರಕ್ಷಣೆ ಬೇಕು. ಚೈನ್ ಸಾದ ಸದ್ದು 100 ಡೆಸಿಬೆಲ್ ದಾಟುತ್ತದೆ. ಮೂಗಿಗೂ ಬೇಕು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹಸಿ ಮರದ ಹೊಟ್ಟು ಒದ್ದೆಯಾಗಿ ಕೆಳಗೆ ಬೀಳುತ್ತದೆ. ಒಣ ಮರ ಕೊಯ್ಯುವಾಗ ಸಣ್ಣ ಧೂಳು ಗಾಳಿಯಲ್ಲೇ ನಿಲ್ಲುತ್ತದೆ, ಆಗ ಮಾಸ್ಕ್ ಬಿಡಲೇಬಾರದು.

ಕೊಳ್ಳಬೇಕಾ, ಕರೆಸಬೇಕಾ?

ಟ್ರೇಲರ್ ಮಿಲ್ಲು ತಂದು ದಿನಗೂಲಿ ಲೆಕ್ಕದಲ್ಲೋ ಅಡಿ ಲೆಕ್ಕದಲ್ಲೋ ಕೊಯ್ದುಕೊಡುವವರು ನಿಮ್ಮ ಕಡೆ ಇದ್ದರೆ ಮೊದಲು ಒಂದು ದಿನ ಕರೆಸಿ. ಪಕ್ಕದಲ್ಲಿ ನಿಂತು ನೀವೂ ಕೈಜೋಡಿಸಿ. ಸಂಜೆ ಹೊತ್ತಿಗೆ ಬೆನ್ನು ಏನು ಹೇಳುತ್ತದೆ, ಎಷ್ಟು ಮರ ಬಂತು, ಎಷ್ಟು ಬ್ಲೇಡು ಹೋಯಿತು ಎಲ್ಲ ತಿಳಿಯುತ್ತದೆ. ಹತ್ತು ಹನ್ನೆರಡು ದಿಮ್ಮಿ ಕೊಯ್ದರೆ ಮುಗಿಯಿತು ಅನ್ನುವವರು ಕೊಳ್ಳುವುದು ಬೇಡ ಅನ್ನುವುದೇ ನನ್ನ ಅಭಿಪ್ರಾಯ. ವರ್ಷ ವರ್ಷ ಮರ ಬರುವ ತೋಟ, ಕಟ್ಟುವ ಕೆಲಸ ಮುಂದೆಯೂ ಇದೆ ಅನ್ನುವವರು ಕೊಳ್ಳಿ. ಮರ ಕಡಿಯಲು, ಮಿಲ್ಲು ನಡೆಸಲು ಅನುಮತಿ ಬೇಕೇ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ವಿಚಾರಿಸಿ. ಇದರ ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ.

ಹಳೆಯ ಯಂತ್ರವಾದರೂ ಪರವಾಗಿಲ್ಲ. ಹಳಿ ನೆಟ್ಟಗಿದೆಯಾ ಎಂದು ದಾರ ಹಿಡಿದು ನೋಡಿ. ಚಕ್ರ ಕೈಯಲ್ಲಿ ತಿರುಗಿಸಿ ಬೇರಿಂಗಿನ ಗರಗರ ಸದ್ದು ಬರುತ್ತದಾ ಕೇಳಿ. ಬೆಸುಗೆ ಹಾಕಿದ ಜಾಗದಲ್ಲಿ ಬಿರುಕು ಹುಡುಕಿ. ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಎದುರೇ ಒಂದು ಅಗಲದ ಗಟ್ಟಿ ಮರ ಕೊಯ್ಯಿಸಿ. ಬಂದ ಹಲಗೆಯನ್ನು ಎರಡೂ ತುದಿಯಲ್ಲಿ, ನಡುವೆ, ಎರಡೂ ಅಂಚಿನಲ್ಲಿ ಅಳೆಯಿರಿ. ಮಾರುವವರ ಮಾತಿಗಿಂತ ಆ ಆರು ಅಳತೆ ಜಾಸ್ತಿ ಹೇಳುತ್ತವೆ.

ಕೊಯ್ದ ಮೇಲೆ

ಮಿಲ್ಲಿನ ಬಗ್ಗೆ ಇಷ್ಟೆಲ್ಲ ಯೋಚಿಸಿ, ಕೊಯ್ದ ಹಲಗೆಯನ್ನು ಅಂಗಳದಲ್ಲಿ ರಾಶಿ ಹಾಕಿಬಿಡುವವರನ್ನು ನೋಡಿದ್ದೇನೆ. ಒಂದರ ಮೇಲೊಂದು ಅಂಟಿಕೊಂಡ ಹಸಿ ಹಲಗೆಗೆ ಕೆಲವೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಬಿಸಿಲಿಗೆ ಒಡ್ಡಿದರೆ ತಿರುಚಿ ಸೀಳುತ್ತದೆ. ಮಿಲ್ಲಿಗೆ ಜಾಗ ನೋಡುವಾಗಲೇ ಒಣಗಿಸುವ ನೆರಳಿನ ಜಾಗವನ್ನೂ ನೋಡಿಟ್ಟುಕೊಳ್ಳಿ.

ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸಮಮಟ್ಟದ ಅಡಿಪಾಯ ಮಾಡಿ. ಪ್ರತಿ ವರಸೆಯ ನಡುವೆ 25 ಮಿ.ಮೀ. ಚೌಕದ ಒಣ ಪಟ್ಟಿಗಳನ್ನು ಒಂದೂವರೆ ಎರಡು ಅಡಿಗೊಂದರಂತೆ ಇಡಿ. ಕೆಳಗಿನ ಪಟ್ಟಿಯ ನೇರಕ್ಕೇ ಮೇಲಿನ ಪಟ್ಟಿ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಯಾಗಿ ಒಣಗುತ್ತದೆ. ಹಲಗೆಯ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಿರಿ. ತುದಿ ಉಳಿದ ಭಾಗಕ್ಕಿಂತ ಬೇಗ ಒಣಗುವುದರಿಂದಲೇ ಸೀಳು ಬಿಡುವುದು. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳು ಬೇಗ ಬರುತ್ತದೆ, ಒಳ್ಳೆ ಕೆಲಸಕ್ಕೆ ಇಟ್ಟ ಹಲಗೆಯಿಂದ ಅದನ್ನು ಸೀಳಿ ತೆಗೆದುಬಿಡಿ. ರಾಶಿಯ ಮೇಲೆ ತಗಡು ಹಾಕಿ, ಭಾರ ಇಡಿ. ಸುತ್ತ ಮುಚ್ಚಬೇಡಿ, ಗಾಳಿ ಆಡಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಅಂದಾಜು. ಬೆಚ್ಚಗಿನ ಒಣ ಹವೆಯಲ್ಲಿ ಅದಕ್ಕಿಂತ ಬೇಗ ಆಗುತ್ತದೆ, ದಪ್ಪ ತೊಲೆಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಮರದ ಹೆಸರು, ಕೊಯ್ದ ತಾರೀಖು ಎರಡನ್ನೂ ರಾಶಿಯ ತುದಿಯ ಹಲಗೆ ಮೇಲೆ ಬಣ್ಣದಲ್ಲಿ ಬರೆದಿಡಿ. ಸೀಮೆಸುಣ್ಣ ಒಂದು ಮಳೆಗೇ ಅಳಿಸಿಹೋಗುತ್ತದೆ.